ತೋಪು ತಿಂದ ಬಸ್ಸು

"ನೀನೊಬ್ಬಳಿಂದ ಏನಾಗ್ತದೆ?" ಈ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಬುದ್ಧಿವಂತರು ಎನಿಸಿಕೊಂಡವರೇ ಇದನ್ನು ಹೆಚ್ಚು ಹೇಳುತ್ತಾರೆ. ಮಕ್ಕಳಿಗೆ ಹನಿ ಹನಿ ಗೂಡಿದರೆ ಹಳ್ಳ ಎಂದು ಬಾಯಿಪಾಠ ಮಾಡಿಸುವುದೂ ಇವರೇ. ನಾನು ಈ ಮಾತನ್ನು ಮೊದಲ ಸಲ ಕೇಳಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ತುಂಬಿದ ಬಸುರಿಯಾಗಿ ತವರಿಗೆ ಹೊರಟು ಬಸ್ಸಿಗೆ ಕಾಯುತ್ತಿದ್ದಾಗ.

ನನ್ನನ್ನು ಕೊಟ್ಟ ಊರು ಬೈರಕೂರಿನ ಹತ್ತಿರದ್ದು, ತವರು ಶ್ರೀನಿವಾಸಪುರದ ಕಡೆ. ಊರ ಮುಂದೆ ರಸ್ತೆಗೆ ಹೊಂದಿಕೊಂಡು ಒಂದು ಗುಂಡುತೋಪು ಇತ್ತು. ಮುಕ್ಕಾಲು ಪಾಲು ಹೊಂಗೆ ಮರಗಳು, ನಡುವೆ ಒಂದೆರಡು ಹುಣಸೆ. ತೋಪು ಯಾರೊಬ್ಬರ ಸ್ವತ್ತೂ ಅಲ್ಲ. ಸೊಪ್ಪು ಎಲ್ಲರ ಗದ್ದೆಗೆ, ಉದುರಿದ ಕಾಯಿ ಆಯ್ದುಕೊಂಡವರಿಗೆ. ನನ್ನ ಅತ್ತೆ ಗಂಡ ಸತ್ತ ಮೇಲೆ ಆ ಕಾಯಿ ಆಯ್ದು, ಬೀಜ ಬಿಡಿಸಿ, ಗಾಣದಲ್ಲಿ ಆಡಿಸಿ, ಎಣ್ಣೆ ಮಾರಿ ಮಗನನ್ನು ಸಾಕಿದವರು. ಯುದ್ಧ ಬಂದು ಸೀಮೆಎಣ್ಣೆ ಮಾಯವಾದ ಮೇಲಂತೂ ಊರಿನ ಎಲ್ಲ ಮನೆಗಳ ದೀಪವೂ ಆ ತೋಪಿನ ಎಣ್ಣೆಯಲ್ಲೇ ಉರಿಯುತ್ತಿತ್ತು. ಮುಳಬಾಗಿಲಿಗೆ ಹೋಗುವ ಬಸ್ಸು ನಿಲ್ಲುತ್ತಿದ್ದದ್ದೂ ಅಲ್ಲೇ. ಹೊಂಗೆ ನೆರಳು ತಾಯಿ ಮಡಿಲು ಅಂತಾರಲ್ಲ, ಆ ಮಡಿಲಲ್ಲಿ ಕೂತೇ ಜನ ಬಸ್ಸಿಗೆ ಕಾಯುತ್ತಿದ್ದರು.

ಸೀಮೆಎಣ್ಣೆಯ ಹಿಂದೆಯೇ ಪೆಟ್ರೋಲೂ ಹೋಯಿತು. ಬಸ್ಸಿನ ಬೆನ್ನಿಗೆ ದೊಡ್ಡ ಪೀಪಾಯಿಯಂಥ ಒಲೆ ಕಟ್ಟಿದರು. ಅದರಲ್ಲಿ ಇದ್ದಿಲು ಉರಿಸಿ, ಬಂದ ಗ್ಯಾಸಿನಿಂದ ಬಸ್ಸು ಓಡಿಸುವುದು. ಹೊರಡುವ ಮುಂಚೆ ಕ್ಲೀನರು ಬೆವರು ಸುರಿಸಿಕೊಂಡು ಒಲೆಗೆ ಗಾಳಿ ಊದುವ ಹಿಡಿ ತಿರುಗಿಸಬೇಕು, ಏರು ಬಂದರೆ ಗಂಡಸರು ಇಳಿದು ತಳ್ಳಬೇಕು. ಮೇಲೆ ಇದ್ದಿಲಿನ ಮೂಟೆಗಳು. ಇಷ್ಟೊಂದು ಇದ್ದಿಲು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಇದ್ದಿಲಿನ ಕಂಟ್ರಾಕ್ಟರು ನಮ್ಮೂರಿಗೇ ಬಂದ. ಪಟೇಲರು ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡು, ತೋಪಿನಲ್ಲಿ ಒಣಗಿದ ಮರ ಮಾತ್ರ ಕಡಿಯಬಹುದು ಎಂದು ಒಪ್ಪಿಗೆ ಕೊಟ್ಟರು. ಒಣಗಿದ್ದು ಇದ್ದದ್ದೇ ಒಂದು ಮರ. ಅದು ಹೋಯಿತು. ಮಳೆ ಚೆನ್ನಾಗಿ ಬಿದ್ದಿದ್ದ ವರ್ಷ ಅದು. ಆದರೂ ಸ್ವಲ್ಪ ದಿನಕ್ಕೆ ಅದರ ಪಕ್ಕದ ಮರಗಳು ಎಲೆ ಉದುರಿಸಿ ಬೋಳಾದವು.

ಅತ್ತೆಗೆ ಅನುಮಾನ ಬಂತು. ಬುಡಕ್ಕೆ ಮೆತ್ತಿದ್ದ ಕೆಮ್ಮಣ್ಣನ್ನು ಕುಡುಗೋಲಿನಿಂದ ಕೆರೆದು ನೋಡಿದರು. ಒಳಗೆ ಕಾಂಡದ ಸುತ್ತ ಬಳೆ ತೊಡಿಸಿದ ಹಾಗೆ ತೊಗಟೆ ಸುಲಿದಿತ್ತು. ಹಸಿ ಮರಕ್ಕೆ ಗಾಯ ಮಾಡಿ, ಗಾಯ ಕಾಣದಂತೆ ಮಣ್ಣು ಮೆತ್ತಿ, ಒಣಗಿದ ಮೇಲೆ ಕಡಿಯುವುದು. ಅತ್ತೆ ಹೋಗಿ ಪಟೇಲರನ್ನು ಕರೆದುಕೊಂಡು ಬಂದು ತೋರಿಸಿದರು. ನಾನೂ ಜೊತೆಗಿದ್ದೆ.

ಪಟೇಲರು ಬಗ್ಗಿ ನೋಡಿ ಎದ್ದು ನಿಂತರು. "ಯಾರು ಮಾಡಿದ್ರೋ ಏನೋ ನಮಗೇನು ಗೊತ್ತಮ್ಮಾ. ಒಣಗಿದ್ದು ಒಣಗಿದ್ದೇ" ಅಂದರು.

ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದು. ಅವರ ಮಾತು ಕೇಳಿ ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. ನನಗೆ ಮಾತ್ರ ಆ ಕುಡುಗೋಲು ಕೈಗೆ ತೆಗೆದುಕೊಳ್ಳಬೇಕು ಅನ್ನಿಸಿತ್ತು. ಕಟ್ಟೆಯ ಮೇಲೆ ಕೂತಿದ್ದ ಗಂಡಸರೆಲ್ಲ ಕಂಡೂ ಕಾಣದವರಂತೆ ಎಲೆ ಅಡಿಕೆ ಮೆಲ್ಲುತ್ತಿದ್ದರು. ಬೇಸಿಗೆಯ ಹೊತ್ತಿಗೆ ತೋಪು ಪೂರ್ತಿ ಮುಗಿಯಿತು. ಅಲ್ಲೇ ಗುಂಡಿ ತೋಡಿ ಸುಟ್ಟರು. ಮನೆಯೊಳಗಿನ ಅನ್ನಕ್ಕೂ ಹೊಗೆಯ ವಾಸನೆ ಹತ್ತಿಕೊಂಡಿತ್ತು.

ಬಾಣಂತನಕ್ಕೆ ಕರೆದುಕೊಂಡು ಹೋಗಲು ನನ್ನ ಅಣ್ಣ ಬಂದದ್ದು ಆ ದಿನಗಳಲ್ಲೇ. ಬಿಸಿಲಲ್ಲಿ ಟ್ರಂಕಿನ ಮೇಲೆ ಕೂತು ಕಾದೆವು. ಬಸ್ಸು ಬಂತು. ನಾವು ಹತ್ತುವ ಮುಂಚೆ ತೋಪಿನ ಇದ್ದಿಲಿನ ಮೂಟೆಗಳನ್ನು ಬಸ್ಸಿನ ಮೇಲೆ ಹತ್ತಿಸಿದರು. ಒಂದು ಮೂಟೆ ಹರಿದು ಇದ್ದಿಲು ನನ್ನ ಕಾಲ ಹತ್ತಿರ ಚೆಲ್ಲಿತು. ಒಂದು ತುಂಡು ಪೂರ್ತಿ ಬೆಂದಿರಲಿಲ್ಲ, ಹೊಂಗೆಯ ತೊಗಟೆ ಇನ್ನೂ ಅಂಟಿಕೊಂಡಿತ್ತು.

"ನಾನು ಇದನ್ನ ಹತ್ತಲ್ಲ" ಅಂದೆ.

"ಹುಚ್ಚೇನೇ ನಿಂಗೆ?" ಅಂದ ಅಣ್ಣ. "ಈ ಹೊಟ್ಟೆ ಹೊತ್ಕೊಂಡು ಎತ್ತಿನ ಗಾಡೀಲಿ ಹೋದ್ರೆ ಸೊಂಟ ಮುರಿದುಹೋಗ್ತದೆ ಕಣೇ."

ಪಟೇಲರು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದರು. ಕಿಟಕಿಯಿಂದ ತಲೆ ಹಾಕಿ ನಕ್ಕರು. "ಏಮಮ್ಮಾ, ನೀನೊಬ್ಬಳಿಂದ ಏನಾಗ್ತದೆ? ನೀನು ಹತ್ತದೇ ಇದ್ರೆ ಬಸ್ಸು ನಿಂತುಹೋಗ್ತದಾ?"

"ಬಸ್ಸು ಹೋಗ್ಲಿ ಬಿಡಿ. ನಾನು ಹೋಗಲ್ಲ" ಅಂದೆ.

ಬಸ್ಸು ಹೋಯಿತು. ಅದು ನನಗಾಗಿ ನಿಲ್ಲುತ್ತದೆ ಎಂದು ನಾನೇನೂ ಅಂದುಕೊಂಡಿರಲಿಲ್ಲ. ಎತ್ತಿನ ಗಾಡಿಗೆ ಹುಲ್ಲು ಹಾಸಿಕೊಂಡು, ಪ್ರತಿ ಹಳ್ಳಕ್ಕೂ ಪಟೇಲರನ್ನು ಬೈದುಕೊಂಡು ತವರು ಸೇರಿದೆ. ಹೆಣ್ಣು ಮಗು ಹುಟ್ಟಿತು. ವಾಪಸ್ಸು ಬಂದದ್ದೂ ಗಾಡಿಯಲ್ಲೇ.

ಬಂದು ನೋಡಿದರೆ ತೋಪಿದ್ದ ಜಾಗದ ತುಂಬ ಮುಳ್ಳಿನ ಗುಡ್ಡೆಗಳು. ಹೊಂಗೆ ಹಟಮಾರಿ ಮರ, ಕಡಿದ ಮೋಟಿನಿಂದಲೇ ಮತ್ತೆ ಚಿಗುರುತ್ತದೆ. ಚಿಗುರಿದ್ದನ್ನು ಮೇಕೆಗಳು ಮೇಯುತ್ತಿದ್ದವು. ಅತ್ತೆ ಸಭೆ ಸೇರಿಸಲಿಲ್ಲ, ಭಾಷಣ ಮಾಡಲಿಲ್ಲ. ಹೊಲದಿಂದ ಬರುವಾಗ ಒಂದು ಜಾಲಿಯ ಕೊಂಬೆ ಎಳೆದು ತಂದು ಒಂದು ಮೋಟಿನ ಸುತ್ತ ಇಡುವುದು, ಕೆರೆಯಿಂದ ಬರುವಾಗ ಬಿಂದಿಗೆಯಿಂದ ಒಂದಿಷ್ಟು ನೀರು ಬಗ್ಗಿಸುವುದು, ಅಷ್ಟೇ ಅವರು ಶುರು ಮಾಡಿದ್ದು. ನೋಡಿದ ಹೆಂಗಸರು ತಾವೂ ತಂದರು. ಮೇಕೆ ಇದ್ದವರು ಆ ಕಡೆ ಬಿಡದೆ ಕಟ್ಟಿಹಾಕಿದರು. ಕಟ್ಟೆಯ ಗಂಡಸರು ಇದಕ್ಕೆ ಹೆಂಗಸರ ಹುಚ್ಚು ಎಂದು ಹೆಸರಿಟ್ಟರು. ಬುದ್ಧಿ ನೆಟ್ಟಗಿದ್ದವರು ತೋಪನ್ನು ಏನು ಮಾಡಿದರು ಎಂದು ನಾನು ಎಲ್ಲರ ಮುಂದೆಯೇ ಕೇಳಿದೆ.

ಮುಂದಿನ ಬೇಸಿಗೆಗೆ ಚಿಗುರು ನನ್ನ ಎದೆಯೆತ್ತರ ಬಂದಿತ್ತು. ಒಂದು ಮಧ್ಯಾಹ್ನ ಪಟೇಲರು ಬಸ್ಸಿಗೆ ಕಾಯುತ್ತಿದ್ದರು. ಹೆಗಲ ಮೇಲಿನ ವಲ್ಲಿಯನ್ನು ತಲೆಗೆ ಹಾಕಿಕೊಂಡು, ಕಾಲಿಂದ ಕಾಲಿಗೆ ಭಾರ ಬದಲಾಯಿಸುತ್ತಾ ನಿಂತಿದ್ದರು. ಅತ್ತೆ ಮುಳ್ಳು ಸರಿಮಾಡುತ್ತಿದ್ದರು, ನಾನು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನೀರು ಬಗ್ಗಿಸುತ್ತಿದ್ದೆ.

"ಥೂ, ನಿಲ್ಲೋಕೆ ಒಂದು ನೆರಳಿಲ್ಲವಲ್ಲಮ್ಮಾ ಈ ಊರಲ್ಲಿ" ಅಂದರು.

ನನಗೆ ತಡೆಯಲಾಗಲಿಲ್ಲ. "ಬಸ್ಸು ಬರ್ಲಿ ಇರಿ ಪಟೇಲ್ರೇ. ನಿಮ್ಮ ನೆರಳನ್ನ ಮೂಟೆ ಕಟ್ಟಿ ಅದರ ಮೇಲೇ ಇಟ್ಟವ್ರೆ" ಅಂದೆ.

ಅವರ ಮುಖ ಕಪ್ಪಿಟ್ಟಿತು. ಅತ್ತೆ ನನ್ನನ್ನು ಗದರಲಿಲ್ಲ. ಕೈಗೆ ಚುಚ್ಚಿದ್ದ ಮುಳ್ಳು ಕಿತ್ತುಕೊಳ್ಳುತ್ತಾ, "ನಾಳೆ ಬರೋವಾಗ ಒಂದು ಜಾಲಿ ಕೊಂಬೆ ತನ್ನಿ. ನನ್ನೊಬ್ಬನಿಂದ ಏನಾಗ್ತದೆ ಅನ್ಬೇಡಿ" ಅಂದರು.

ಮಾರನೆಯ ದಿನ ಪಟೇಲರು ಬರಿಗೈಯಲ್ಲಿ ಬಂದು ಬಸ್ಸು ಹತ್ತಿ ಹೋದರು. ಬಸ್ಸಿನ ಹೊಗೆ ಕರಗುವ ಮುಂಚೆಯೇ ಅವರ ಸೊಸೆ ಕೊಂಬೆ ಎಳೆದುಕೊಂಡು ಬಂದಳು.