ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಅಂಗಡಿ ಇರಲಿಲ್ಲ, ಬೋರ್ಡೂ ಇರಲಿಲ್ಲ. ಇದ್ದದ್ದು ಎತ್ತಿ ಇಳಿಸುವಂಥ ಒಂದು ಹೊಲಿಗೆ ಯಂತ್ರ, ಒಂದು ಒಳ್ಳೆಯ ಕತ್ತರಿ, ಮತ್ತು ಮನೆಯ ಊಟದ ಮೇಜು. ಆ ಮೇಜು ದಿನಕ್ಕೆ ಮೂರು ಸಲ ಅವಳ ಕೈಗೆ ಬಂದು ಮೂರು ಸಲ ಕೈತಪ್ಪುತ್ತಿತ್ತು. ಬೆಳಗಿನ ತಿಂಡಿಯ ತಟ್ಟೆಗಳು ಎದ್ದ ಮೇಲೆ ಒರೆಸಬೇಕು, ಒಣಗಲು ಬಿಡಬೇಕು, ಯಂತ್ರ ಎತ್ತಿ ತಂದಿಡಬೇಕು, ಬಟ್ಟೆ ಹಾಸಬೇಕು. ಸೀಮೆಸುಣ್ಣದ ಗೆರೆ ಎಳೆದು ಕತ್ತರಿ ಬಾಯಿ ತೆರೆಯುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು. ಮತ್ತೆ ಬಟ್ಟೆ ಮಡಿಸು, ಗುಂಡುಸೂಜಿ ಆರಿಸು, ತುಂಡುಗಳನ್ನೆಲ್ಲ ಮಂಚಕ್ಕೆ ಸಾಗಿಸು, ಯಂತ್ರವನ್ನು ಮೂಲೆಗೆ ಹೊತ್ತು ಹಾಕು. ಸಂಜೆಗೆ ಇನ್ನೊಂದು ಸುತ್ತು. ಹದಿನಾಲ್ಕು ವರ್ಷದಿಂದ ಇದೇ ಪಾಡು. ಹೊಲಿದದ್ದನ್ನು ಊರೇ ತೊಟ್ಟು ತಿರುಗುತ್ತಿತ್ತು. ಎತ್ತಿಟ್ಟದ್ದು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಗುರುವಾರ ಮಕ್ಕಳ ನಾಟಕ ಶಾಲೆಯ ಟೀಚರ್ ಬಂದರು. ಈ ಸಲದ ನಾಟಕದಲ್ಲಿ ಇಪ್ಪತ್ತಾರು ಹಕ್ಕಿಗಳಂತೆ. ಇಪ್ಪತ್ತಾರು ಜೋಡಿ ರೆಕ್ಕೆ! ಟೈಲರಮ್ಮನ ಮನಸ್ಸು ಆಗಲೇ ಹಾರತೊಡಗಿತು. ಟೀಚರ್ ಮಾತ್ರ ಊಟದ ಮೇಜನ್ನು ಮೇಲಿಂದ ಕೆಳಗೆ ನೋಡಿದರು.

"ಹೋದ ವರ್ಷ ರಾಜನ ಬಿಳೀ ನಿಲುವಂಗಿಗೆ ಬೆನ್ನ ಮೇಲೆ ಎಣ್ಣೆ ಕಲೆ ಇತ್ತಲ್ಲಮ್ಮ. ಸಿಂಹಾಸನದಿಂದ ಎದ್ದು ಬಂದ್ನೋ, ಅಡುಗೆಮನೆಯಿಂದ ಓಡಿ ಬಂದ್ನೋ ಅಂತ ಜನ ಬಿದ್ದು ಬಿದ್ದು ನಕ್ಕರು."

"ಅವತ್ತು ಅವಸರದಲ್ಲಿ ಎತ್ತಿಡುವಾಗ..."

"ನಿಮ್ಮ ಕೈ ಮೇಲೆ ನಂಗೆ ಅನುಮಾನ ಇಲ್ಲ. ಆದ್ರೆ ರೆಕ್ಕೆಗೆ ಗೋಂದು ಹಚ್ಚಿದ್ರೆ ಒಂದಿಡೀ ದಿನ ಅಲ್ಲಾಡದೆ ಒಣಗಬೇಕು. ಊಟದ ಮೇಜಲ್ಲಿ ಅದು ಆಗೋ ಮಾತಲ್ಲ. ಬೇರೆ ಜಾಗ ಇದ್ಯಾ?"

"ಇದೆ," ಅಂದುಬಿಟ್ಟಳು ಟೈಲರಮ್ಮ. ಇರಲಿಲ್ಲ.

"ಹಾಗಾದ್ರೆ ಭಾನುವಾರ ಸಂಜೆ ಐದಕ್ಕೆ ಬಂದು ನೋಡ್ತೀನಿ. ಜಾಗ ಸರಿ ಇದ್ರೆ ಬಟ್ಟೆ ಅಲ್ಲೇ ಕೊಟ್ಟು ಹೋಗ್ತೀನಿ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ, ಬೇರೆಯವರನ್ನ ನೋಡ್ಕೋತೀನಿ."

ಹಜಾರದಿಂದ ಮಲಗುವ ಕೋಣೆಗೆ ಹೋಗುವ ಓಣಿಯಲ್ಲಿ, ಬೀರು ನಿಲ್ಲಿಸಲೆಂದು ಮನೆ ಕಟ್ಟಿದವರು ಬಿಟ್ಟ ಒಂದು ಗೂಡಿತ್ತು. ಮೂರು ಕಡೆ ಗೋಡೆ, ಮೇಲೊಂದು ಕಿಟಕಿ. ಬೀರು ಎಂದೂ ಬರಲಿಲ್ಲ. ಅದರ ಬದಲು 'ಆಮೇಲೆ ನೋಡೋಣ' ಎಂದ ಸಾಮಾನೆಲ್ಲ ಬಂದು ಸೇರಿತ್ತು. ಶನಿವಾರ ಬೆಳಗ್ಗೆ ಟೈಲರಮ್ಮ ಸೆರಗು ಸಿಕ್ಕಿಸಿ ಅದರ ಮುಂದೆ ನಿಂತು ಮನೆಮಂದಿಯನ್ನೆಲ್ಲ ಕರೆದಳು. ಅಚ್ಚುಕೂಟದಲ್ಲಿ ಕೆಲಸ ಮಾಡುವ ಗಂಡ ಬಂದ. ಹದಿಮೂರು ತುಂಬಿದ ದೊಡ್ಡ ಮಗಳು ಬಂದಳು. ಕೂಸಾಗಿದ್ದಾಗ ಅಂಗಿಯ ಗುಂಡಿ ನುಂಗಿ ಬಟನ್ ಎಂದೇ ಹೆಸರಾದ ಆರು ವರ್ಷದ ಚಿಕ್ಕವಳೂ ಬಂದಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

"ನಾನು ಒಂದೊಂದೇ ಎತ್ತಿ ತೋರಿಸ್ತೀನಿ. ಯಾರದ್ದೋ ಅವರು ಹತ್ತು ಎಣಿಸೋದ್ರೊಳಗೆ ಬಂದು ತಗೊಂಡು ಅದಕ್ಕೊಂದು ಜಾಗ ಮಾಡ್ಕೋಬೇಕು. ಇಲ್ಲಾಂದ್ರೆ ಗುಜರಿಗೆ."

"ಇದೇನು ಹರಾಜಾ?" ಎಂದು ಗಂಡ ನಕ್ಕ. ಅವನ ಕೆಟ್ಟ ಟೇಬಲ್ ಫ್ಯಾನು ಮೇಲೆದ್ದಾಗ ನಗು ನಿಂತಿತು. "ಏ, ಅದನ್ನ ರಿಪೇರಿ ಮಾಡಿಸ್ತೀನಿ ಕಣೇ!"

"ಯಾವಾಗ ರೀ? ಬಟನ್ ಹುಟ್ಟೋಕೆ ಮುಂಚಿನಿಂದ ಹೇಳ್ತಿದೀರಾ."

"ಎಂಟು! ಒಂಬತ್ತು!" ಬಟನ್ ಕುಣಿಯುತ್ತಿದ್ದಳು. "ಹತ್ತು! ಅಪ್ಪ ಔಟ್!"

ಟೀವಿಯ ಖಾಲಿ ಪೆಟ್ಟಿಗೆ ಹೋಯಿತು. ಜೋಡಿ ತಪ್ಪಿದ ಒಂಬತ್ತು ಚಪ್ಪಲಿ ಹೋದವು. ಚಕ್ರವಿಲ್ಲದ ಮೂರು ಚಕ್ರದ ಸೈಕಲ್ಲೂ ಹೋಯಿತು. ಮಧ್ಯಾಹ್ನಕ್ಕೆ ಗೂಡಿನ ನೆಲ ಕಂಡಿತು; ಅಲ್ಲಿನ ಹಾಸುಗಲ್ಲಿನ ಬಣ್ಣ ಯಾವುದೆಂಬುದು ಅಷ್ಟು ದಿನ ಮನೆಯವರಿಗೇ ಮರೆತುಹೋಗಿತ್ತು. ಟೈಲರಮ್ಮ ಕೊರಳಿನ ಟೇಪು ತೆಗೆದು ಗೋಡೆಯಿಂದ ಗೋಡೆಗೆ ಹಿಡಿದಳು. ಐವತ್ತೆರಡು ಇಂಚು. ಅಂಗೈಯಲ್ಲಿ ಪೆನ್ನಿನಿಂದ ಅಳತೆ ಬರೆದುಕೊಂಡು ಹಳೇ ಮರ ಮಾರುವ ಅಂಗಡಿಗೆ ಹೊರಟಳು.

ಅಲ್ಲಿ ಕೆಡವಿದ ಮನೆಯೊಂದರ ಬಾಗಿಲು ಗೋಡೆಗೆ ಒರಗಿ ನಿಂತಿತ್ತು. ಬೆರಳಲ್ಲಿ ತಟ್ಟಿದರೆ ಕಲ್ಲಿನಂಥ ಸದ್ದು. ಒಂದೇ ನೋಟಕ್ಕೆ ಅದು ಅವಳದ್ದಾಯಿತು. ಜೊತೆಗೆ ಕತ್ತರಿಯಂತೆ ಮಡಚುವ ಎರಡು ಮರದ ಸ್ಟ್ಯಾಂಡೂ ಸಿಕ್ಕವು. ಅವುಗಳ ಮೇಲೆ ಹಲಗೆ ಇಟ್ಟರೆ ಮೇಜು ತಯಾರು.

"ಎಷ್ಟಕ್ಕೆ ಕೊಯ್ಯಲಿ?" ಅಂಗಡಿಯವನು ಯಂತ್ರಗರಗಸ ಶುರು ಮಾಡಿದ.

ಅವಳು ಅಂಗೈ ನೋಡಿ ಹೇಳಿದಳು, "ಐವತ್ಮೂರು."

"ಸರಿಯಾಗಿ ಅಳೆದಿದೀರಾ ಅಮ್ಮ? ಕೊಯ್ದ ಮೇಲೆ ನನ್ನ ಕೇಳಬೇಡಿ."

"ಅಳತೆ ವಿಷಯಕ್ಕೆ ನನ್ನ ಹತ್ರ ಬರ್ತೀರಾ? ಈ ಊರಿನ ಅರ್ಧ ಜನರ ಸೊಂಟ ನಂಗೆ ಬಾಯಿಪಾಠ."

ಭಾನುವಾರ ಬೆಳಗ್ಗೆ ತಾಯಿ ಮಕ್ಕಳು ಉಜ್ಜುಕಾಗದ ಹಿಡಿದು ಹಲಗೆಯ ಮೇಲೆ ಬಿದ್ದರು. ಹಳೇ ಬಣ್ಣ ಪುಡಿಪುಡಿಯಾಗಿ ಉದುರಿ ಒಳಗಿನ ಜೇನುಬಣ್ಣ ಮೇಲೆ ಬಂದಾಗ ದೊಡ್ಡವಳು ಮೂಗಿನ ಮೇಲಿನ ಧೂಳೂ ಒರೆಸಿಕೊಳ್ಳದೆ, "ಅಮ್ಮಾ, ಇದು ನಮ್ಮನೇದು ಅಂತ ಅನ್ನಿಸ್ತಾನೇ ಇಲ್ಲ!" ಎಂದು ಕೂಗಿದಳು. ತಿಂಡಿಯಾದ ಮೇಲೆ ಹಾಸಿದ್ದ ಹಿಂದಿನ ಆರ್ಡರಿನ ಬಟ್ಟೆಗಳೆಲ್ಲ ಇನ್ನೂ ಊಟದ ಮೇಜಿನ ಮೇಲೇ ಹರಡಿದ್ದವು. ಇವತ್ತೊಂದು ದಿನ ಇರಲಿ, ಹೊಸ ಜಾಗಕ್ಕೇ ನೇರ ಸಾಗಿಸಿದರಾಯಿತು ಎಂದು ಟೈಲರಮ್ಮ ಅವನ್ನು ಮುಟ್ಟಲಿಲ್ಲ.

ಹನ್ನೆರಡೂವರೆಗೆ ಗಂಡ ಒಂದು ತುದಿ, ಅವಳು ಒಂದು ತುದಿ ಹಿಡಿದು ಹಲಗೆಯನ್ನು ಗೂಡಿಗೆ ತಂದರು. ಎಡಗಡೆ ಸೇರಿತು. ಬಲಗಡೆ ಗೋಡೆಗೆ ಕುಟ್ಟಿ ನಿಂತಿತು. ತಿರುಗಿಸಿದರು. ಓರೆ ಮಾಡಿದರು. ಗಂಡ ಭುಜ ಕೊಟ್ಟು ನೂಕಿದ. ಗೋಡೆಯ ಸುಣ್ಣ ಉದುರಿತೇ ಹೊರತು ಹಲಗೆ ಒಳಗೆ ಹೋಗಲಿಲ್ಲ.

"ಗೋಡೆ ಡೊಂಕಿರಬೇಕು," ಎಂದಳು ಟೈಲರಮ್ಮ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅತ್ತೆ ಕುರ್ಚಿಯಿಂದಲೇ ಉಸುರಿದರು.

ಟೈಲರಮ್ಮ ಟೇಪು ಎಳೆದು ಗೂಡು ಅಳೆದಳು. ಐವತ್ತೆರಡು. ಹಲಗೆ ಅಳೆದಳು. ಐವತ್ಮೂರು. ಅಂಗೈ ತೆರೆದು ನೋಡಿದಳು. ನಿನ್ನೆ ಬರೆದದ್ದು ಅರೆಬರೆ ಅಳಿಸಿದ್ದರೂ ಕಾಣುತ್ತಿತ್ತು: ಐವತ್ತೆರಡು, ಪಕ್ಕದಲ್ಲಿ ಕೂಡಿಸುವ ಗುರುತು, ಅರ್ಧ, ಇನ್ನೊಂದು ಅರ್ಧ.

ಅವಳು ಗೋಡೆಗೆ ಒರಗಿ ನೆಲಕ್ಕೆ ಕುಸಿದಳು. "ಹೊಲಿಗೆಗೆ ಬಿಟ್ಟಿದೀನಿ ರೀ. ಆ ಕಡೆ ಅರ್ಧ ಇಂಚು, ಈ ಕಡೆ ಅರ್ಧ ಇಂಚು. ಮರಕ್ಕೆ!"

ದೊಡ್ಡವಳು ಬಾಯಿಗೆ ಕೈ ಒತ್ತಿದಳು, ಅತ್ತೆಯ ಭುಜ ಕುಲುಕಿತು, ಗಂಡನಂತೂ ಹಲಗೆ ಹಿಡಿದುಕೊಂಡೇ ನಗತೊಡಗಿದ. ಟೈಲರಮ್ಮನಿಗೂ ನಗು ಬಂತು, ಅದರ ಬೆನ್ನಿಗೇ ಕಣ್ಣೂ ತುಂಬಿತು. ಬಟ್ಟೆಯಾದರೆ ಒಳಗೆ ಮಡಚಿ ಒಂದು ಹೊಲಿಗೆ ಹಾಕಬಹುದಿತ್ತು. ಪಕ್ಕದ ಮನೆಯ ಕೈಗರಗಸ ತಂದು ಗಂಡ ಹತ್ತು ನಿಮಿಷ ಜಗ್ಗಾಡಿದ; ಆ ಕಲ್ಲಿನಂಥ ಮರಕ್ಕೆ ಗೀರು ಬಿತ್ತು, ಅಷ್ಟೇ. ಮರದ ಅಂಗಡಿಗೆ ಭಾನುವಾರ ರಜ. ಟೀಚರ್ ಬರುವುದು ಐದಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು.

"ಹೋಗ್ಲಿ ಬಿಡೇ. ಹೇಗಿದ್ರೂ ಊಟದ ಮೇಜು ಇದ್ದೇ ಇದೆಯಲ್ಲ," ಎಂದ ಗಂಡ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವನು ಕೆಟ್ಟವನಲ್ಲ, ಕೇಳಿದರೆ ಯಾವ ಕೆಲಸಕ್ಕೂ ಕೈ ಹಾಕುವವನು. ಹಾಗೆ ಬಾಯಿಬಿಟ್ಟು ಕೇಳಬೇಕಾಗುವುದೂ ಅವಳಿಗೊಂದು ಕೆಲಸ ಎಂಬುದು ಮಾತ್ರ ಅವನಿಗೆ ಎಂದೂ ಹೊಳೆದಿರಲಿಲ್ಲ.

"ಅಮ್ಮಾ, ಹಸಿವು," ಎಂದಳು ಬಟನ್.

ಹಲಗೆಯನ್ನು ಓಣಿಯಲ್ಲೇ ಬಿಟ್ಟರೆ ಎಡವಿ ಬೀಳುವ ಭಯ. ಹಜಾರಕ್ಕೆ ತಂದು ಆ ಎರಡು ಸ್ಟ್ಯಾಂಡಿನ ಮೇಲೆ ಇಟ್ಟರು. ಇಟ್ಟದ್ದೇ ತಡ, ಬಟನ್ ಕುರ್ಚಿ ಎಳೆದುಕೊಂಡು ತಟ್ಟೆ ತಂದು ಕೂತಳು. ಊಟದ ಮೇಜಿನ ತುಂಬ ಬಟ್ಟೆ ಇತ್ತಲ್ಲ, ಉಳಿದವರೂ ಅಲ್ಲೇ ಕೂತರು. ಟೈಲರಮ್ಮ ಕೊನೆಗೆ ಬಂದು ಕೂತು ಎರಡು ತುತ್ತು ತಿಂದಳು. ಮೂರನೇ ತುತ್ತು ಕೈಯಲ್ಲೇ ಉಳಿಯಿತು.

ಎದುರಿಗೆ ಊಟದ ಮೇಜಿತ್ತು. ಅದರ ಮೇಲೆ ಅವಳ ಬಟ್ಟೆ, ಅವಳ ಸೀಮೆಸುಣ್ಣ, ಬೆಳಗ್ಗೆ ಎಲ್ಲಿ ಬಿಟ್ಟಿದ್ದಳೋ ಅಲ್ಲೇ ಇದ್ದವು. ಮನೆಯವರೆಲ್ಲ ಊಟ ಮಾಡುತ್ತಿದ್ದರು, ಅವಳು ಒಂದು ಗುಂಡುಸೂಜಿಯನ್ನೂ ಎತ್ತಿಟ್ಟಿರಲಿಲ್ಲ.

ಆ ಮೇಜಿನ ಅಂಚಿಗೆ ಅವಳೇ ಶಾಯಿಯಲ್ಲಿ ಇಂಚಿನ ಗುರುತು ಹಾಕಿದ್ದಳು. ನಲವತ್ತೆಂಟಕ್ಕೆ ಮೇಜು ಮುಗಿಯುತ್ತಿತ್ತು. ಗೂಡು ಐವತ್ತೆರಡು. ಈ ಕಡೆ ಎರಡು, ಆ ಕಡೆ ಎರಡು. ಮೈಗೆ ಅಂಟದ, ತೋಳು ಆಡಿಸಲು ಜಾಗವಿರುವ ರವಿಕೆಯಂಥ ಅಳತೆ!

"ಏಳಿ!" ಎಂದು ಅವಳು ಎದ್ದ ರಭಸಕ್ಕೆ ಗಂಡನ ಲೋಟ ಉರುಳಿತು. "ಬೇಗ ಊಟ ಮುಗಿಸಿ. ಎಲ್ಲಾ ಏಳಿ!"

"ಏನಾಯ್ತೇ? ಮನೆಗೆ ಬೆಂಕಿ ಬಿತ್ತಾ?"

"ಊಟದ ಮೇಜು ಗೂಡಿಗೆ ಹೋಗುತ್ತೆ. ಅದು ಇನ್ಮೇಲೆ ನಂದು. ನೀವು ಊಟ ಮಾಡೋದು ಇಲ್ಲಿ, ಈ ಹಲಗೆ ಮೇಲೆ."

ಗಂಡನ ಬಾಯಲ್ಲಿ ತುತ್ತು ನಿಂತಿತು. "ಊಟದ ಮೇಜು ಓಣಿಗಾ? ಮತ್ತೆ ಈ ಹಲಗೆ ದಿನಾ ಇಲ್ಲೇ ಇರೋಕಾಗುತ್ತಾ? ಓಡಾಡೋಕೇ ಜಾಗ ಇಲ್ಲ."

"ಊಟ ಆದ ಮೇಲೆ ಸ್ಟ್ಯಾಂಡು ಮಡಚಿ, ಹಲಗೆ ಗೋಡೆಗೆ ಒರಗಿಸೋದು. ಮತ್ತೆ ಹಸಿವಾದಾಗ ಹಾಕ್ಕೊಳ್ಳೋದು."

"ದಿನಕ್ಕೆ ಮೂರು ಸಲ ಎತ್ತಿ ಇಳಿಸೋದಾ? ಯಾರೇ ಮಾಡ್ತಾರೆ ಅದನ್ನ?"

ಟೈಲರಮ್ಮ ಅವನನ್ನೇ ನೋಡಿದಳು. ಕೇಳಿದ ಪ್ರಶ್ನೆ ಅವನಿಗೇ ಮೆಲ್ಲಗೆ ಕೇಳಿಸತೊಡಗಿತು. ಕಿವಿ ಕೆಂಪಾಯಿತು.

"ನೆಂಟರು ಬಂದ್ರೆ?" ಎಂದು ಕೊನೆಯದಾಗಿ ಒಂದು ಕಲ್ಲು ಎಸೆದು ನೋಡಿದ.

"ಬಂದೋರು ಒಂದು ತುದಿ ಹಿಡ್ಕೋತಾರೆ," ಎಂದು ಅತ್ತೆ ಕೈ ತೊಳೆಯಲು ಎದ್ದರು. "ಮಾತು ಸಾಕು, ಗಂಟೆ ಎರಡಾಯ್ತು. ರೋಗೀನ ಎತ್ತಿದ ಹಾಗೆ ಎತ್ತಬೇಕು ಇದನ್ನ. ತಲೆ ಕಡೆ ಇವನು, ಕಾಲ ಕಡೆ ಇವಳು. ನಾನು ಮೂರು ಅಂದಾಗ ಎತ್ತಿ, ಅದಕ್ಕೆ ಮುಂಚೆ ಯಾರೂ ಶೂರತನ ತೋರಿಸ್ಬೇಡಿ."

ಬಟ್ಟೆಗಳನ್ನು ದೊಡ್ಡವಳು ಹೊತ್ತಳು. ಮೇಜು ಪಕ್ಕಕ್ಕೆ ಹೊರಳಿ, ಕಾಲು ಮುಂದು ಮಾಡಿ, ಓಣಿಯ ತಿರುವಿನಲ್ಲಿ ಸಿಕ್ಕಿ, "ಇನ್ನೊಂಚೂರು ಎಡಕ್ಕೆ! ಅಪ್ಪಾ, ಅದು ಬಲ!" ಎಂಬ ಬಟನ್‌ಳ ಕಿರುಚಾಟದ ನಡುವೆ ಗೂಡಿನೊಳಗೆ ಜಾರಿ ನಿಂತಿತು. ಎರಡು ಕಡೆಯೂ ಎರಡೆರಡು ಇಂಚು. ಟೈಲರಮ್ಮ ಸಂದಿಗೆ ಕೈ ತೂರಿಸಿ ನೋಡಿ, ತನ್ನಷ್ಟಕ್ಕೇ ಒಂದು ಚಪ್ಪಾಳೆ ತಟ್ಟಿದಳು.

ಮುಂದಿನ ಮೂರು ಗಂಟೆ ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಮೇಜನ್ನು ಸೋಪಿನ ನೀರಿನಲ್ಲಿ ಎರಡು ಸಲ ಉಜ್ಜಿ ಒಣಗಿಸಿ, ಬಿಳೀ ದಪ್ಪ ಬಟ್ಟೆಯನ್ನು ಬಿಗಿಯಾಗಿ ಎಳೆದು ಅಡಿಗೆ ಮೊಳೆ ಹೊಡೆದರು. ಗಂಡ ಗೋಡೆಗೆ ಮೊಳೆ ಬಡಿದು ಕತ್ತರಿ, ಅಳತೆಪಟ್ಟಿ ತೂಗುಹಾಕಿದ. ಕಿಟಕಿಯ ಮಗ್ಗುಲಲ್ಲಿ ಒಂದು ದೀಪವನ್ನೂ ಯಾರೂ ಕೇಳದೆಯೇ ಸಿಕ್ಕಿಸಿದ. ದೊಡ್ಡವಳು ಖಾಲಿ ಡಬ್ಬಿಗಳಲ್ಲಿ ನೂಲಿನ ಉಂಡೆಗಳನ್ನು ಬಣ್ಣ ನೋಡಿ ಜೋಡಿಸಿದಳು. ಐದಕ್ಕೆ ಬಾಗಿಲು ತಟ್ಟಿದ ಸದ್ದಾದಾಗ ಟೈಲರಮ್ಮನ ಕೂದಲಲ್ಲಿ ಇನ್ನೂ ಮರದ ಪುಡಿ ಇತ್ತು.

ಟೀಚರ್ ಗೂಡಿನ ಮುಂದೆ ನಿಂತರು. ಬಗ್ಗಿ ಕಾಲುಗಳನ್ನು ನೋಡಿದರು. "ಇದು ಆ ಊಟದ ಮೇಜೇ ಅಲ್ವಾ?"

ಒಂದು ಸಲ ಸುಳ್ಳು ಹೇಳಿದ್ದೇ ಟೈಲರಮ್ಮನಿಗೆ ಸಾಕಾಗಿತ್ತು. "ಹೌದು ಟೀಚರ್. ಇವತ್ತು ಮಧ್ಯಾಹ್ನದವರೆಗೂ ಊಟದ್ದೇ."

"ಮತ್ತೆ ರಾತ್ರಿ ಊಟ ಎಲ್ಲಿ ಮಾಡ್ತೀರಾ? ನಾನು ಆ ಕಡೆ ಹೋದ ತಕ್ಷಣ ಇದರ ಮೇಲೇ ತಟ್ಟೆ ಬರುತ್ತೆ."

"ಇಲ್ಲ!" ಬಟನ್ ಟೀಚರ ಕೈ ಹಿಡಿದು ಹಜಾರಕ್ಕೆ ಎಳೆದಳು. "ಅಪ್ಪಾ, ಅಕ್ಕಾ, ಮಾಡಿ ತೋರಿಸಿ!"

ಗಂಡನೂ ದೊಡ್ಡವಳೂ ಸ್ಟ್ಯಾಂಡು ಬಿಡಿಸಿದರು, ಹಲಗೆ ಎತ್ತಿದರು, ಇಟ್ಟರು. ಒಂದು ಪಕ್ಕ ವಾಲಿತು, ಸರಿ ಮಾಡಿದರು. ಆ ಭಾರದ ಹಲಗೆ ಒಬ್ಬರಿಂದ ಏಳುವಂಥದಲ್ಲ, ಇಬ್ಬರು ಬೇಕೇ ಬೇಕು. ಟೈಲರಮ್ಮನಿಗೆ ಅದರ ಗುಣಗಳಲ್ಲೆಲ್ಲ ಅತಿ ಹೆಚ್ಚು ಹಿಡಿಸಿದ್ದು ಅದೇ.

ಟೀಚರ್ ಗಂಡನ ಬೆವರಿದ ಹಣೆ ನೋಡಿದರು, ಗೂಡಿನ ಕಡೆ ನೋಡಿದರು, ಕೊನೆಗೆ ನಕ್ಕರು. "ಆಟೋದಲ್ಲಿ ಬಟ್ಟೆ ಗಂಟಿದೆ. ಇಬ್ಬರು ಬನ್ನಿ, ಅದೂ ಭಾರ ಇದೆ."

ಏಳೂವರೆಗೆ ಮನೆಯ ದೀಪಗಳೆಲ್ಲ ಉರಿಯುತ್ತಿದ್ದವು. ಗೂಡಿನ ಮೇಜಿನ ಮೇಲೆ ಹಸಿರು ಬಟ್ಟೆ ಉದ್ದಕ್ಕೂ ಹಾಸಿತ್ತು. ಟೈಲರಮ್ಮ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಮೊದಲ ಹಕ್ಕಿಯ ರೆಕ್ಕೆ ಬಿಡಿಸುತ್ತಿದ್ದಳು. ಹಜಾರದಿಂದ ಹಲಗೆ ಎತ್ತುವ ಸದ್ದು, "ನಿಧಾನ, ನನ್ನ ಬೆರಳು!" ಎಂಬ ಕೂಗು, ತಟ್ಟೆ ಲೋಟಗಳ ಗಲಾಟೆ. ಆಮೇಲೆ ಗಂಡನ ಧ್ವನಿ: "ಲೇ, ಉಪ್ಪು ಎಲ್ಲಿಟ್ಟಿದೀಯ?"

"ಮ್ಮ್," ಎಂದಳು ಟೈಲರಮ್ಮ.

"ಅವಳ ಬಾಯಲ್ಲಿ ಸೂಜಿ ಇದೆ," ಅತ್ತೆ ಹೇಳುವುದು ಕೇಳಿಸಿತು. "ನಿನ್ನ ಮುಖದಲ್ಲಿ ಕಣ್ಣಿದೆ. ಹುಡುಕು."

ಉಪ್ಪು ಸಿಕ್ಕಿತು. ಊಟಕ್ಕೆ ಕರೆ ಬಂತು. ಟೈಲರಮ್ಮ ಸೂಜಿಗಳನ್ನು ಡಬ್ಬಿಗೆ ಉದುರಿಸಿ, ಕತ್ತರಿ ಮೊಳೆಗೆ ಸಿಕ್ಕಿಸಿ, ಅಭ್ಯಾಸಬಲದಿಂದ ಬಟ್ಟೆ ಮಡಿಸಲು ಎರಡೂ ಕೈ ಚಾಚಿದಳು. ಕೈಗಳು ಗಾಳಿಯಲ್ಲೇ ನಿಂತವು. ರೆಕ್ಕೆ ಅರ್ಧ ಕತ್ತರಿಸಿಯಾಗಿತ್ತು, ಅರ್ಧ ಇನ್ನೂ ಗೆರೆಯಲ್ಲಿತ್ತು. ಅವಳು ಅದನ್ನು ಹಾಗೇ ಬಿಟ್ಟು, ದೀಪ ಆರಿಸಿ, ಊಟಕ್ಕೆ ಹೋದಳು.