ದೀರ್ಘವಿಲ್ಲದ ಸಹಿ

ಬೆಳಗಿನ ಆರೂಕಾಲು. ಬಾಗಲಗುಂಟೆಯಲ್ಲಿ, ಲೋಹ ಕಡೆಯುವ ಎರಡು ಲೇತ್‌ಗಳ ಶೆಡ್ಡಿನಲ್ಲಿ, ಯಂತ್ರದ ಗದ್ದಲದ ನಡುವೆ, 'ಕಿರ್' ಎಂದು ಏನೋ ಸಣ್ಣಗೆ ಸದ್ದಾಗಿದೆಯಂತೆ. ಮಾತಾಡಿಸಲು ಬಂದ ನನಗೆ ಕೇಳಿಸುವುದಿಲ್ಲ. ಲೇತ್ ನಡೆಸುತ್ತಿರುವ ದಾಕ್ಷಾಯಣಿ ತಕ್ಷಣ ಯಂತ್ರ ನಿಲ್ಲಿಸುತ್ತಾರೆ. ಟೂಲಿನ ತುದಿ ಸವೆದಿದೆ. "ಇನ್ನ ನಾಕು ಪೀಸ್ ಓಡಿದ್ರ ಎಲ್ಲಾ ಗುಜರಿಗೆ ಹೋಗ್ತಿತ್ತು ನೋಡ್ರಿ," ಎನ್ನುತ್ತ ಹೊಸ ತುದಿ ಕೂರಿಸುತ್ತಾರೆ.

ಬಾಗಲಕೋಟೆ ಕಡೆಯಿಂದ ಅವರು ಈ ಊರಿಗೆ ಬಂದು ಹದಿನಾರು ವರ್ಷ. ಹಿಂದಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಮಾಡಿದ್ದೂ ಇದೇ ಕೆಲಸ. ಹಾಜರಿ ಪುಸ್ತಕದಲ್ಲಿ ಮಾತ್ರ 'ಹೆಲ್ಪರ್'. ಅವರಿಂದ ಕಲಿತ ಆರು ಹುಡುಗರು ಆಪರೇಟರ್ ಆದರು. ತಾವೂ ಕೇಳಿದಾಗ ಸೂಪರ್‌ವೈಸರ್ ಅಂದದ್ದು ಅವರಿಗೆ ಬಾಯಿಪಾಠ: "ನಿಮ್ಮನ್ನ ಆಪರೇಟರ್ ಮಾಡಿದ್ರೆ ಗಂಡಸ್ರು ಕಸ ಗುಡಿಸ್ಬೇಕೇನಮ್ಮಾ?" ಮತ್ತೆ ಕೇಳಿದ್ದಕ್ಕೆ ಕೆಲಸವೇ ಹೋಯಿತು. ಹೆಣ್ಣೆಂಬ ಕಾರಣಕ್ಕೆ ತಾರತಮ್ಯ ಮಾಡಿದರೆಂದು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿ ಈಗ ಮೂರು ವರ್ಷ. ಅದೇ ಕಾರ್ಖಾನೆಗೆ ಆಪರೇಟರ್ ಆಗಿ ಮರಳಬೇಕು. ಅಷ್ಟೇ ಬೇಡಿಕೆ.

ತೊಡಕಾದದ್ದು ಸಹಿ. ಆ ಕಾರ್ಖಾನೆಯಲ್ಲಿ ಯಂತ್ರ ಸೆಟ್ ಮಾಡಿದವರು ಪ್ರತಿ ಪಾಳಿಯಲ್ಲೂ ಒಂದು ಹಾಳೆಗೆ ಸಹಿ ಹಾಕಬೇಕು. "ಹೆಲ್ಪರ್ ಸಹಿ ನಡೆಯಂಗಿಲ್ಲ ಅಂದ್ರು. ಪಕ್ಕದಾಗ ಯಾವ ಹುಡುಗ ಇದ್ನೋ ಅವನ ಹೆಸರು ನಾನ ಬರೀತಿದ್ದೆ." ಕಂಪನಿ ಈಗ ಆ ಹಾಳೆಗಳನ್ನೇ ಮುಂದಿಟ್ಟು ಕೇಳುತ್ತಿದೆ: ಇದರಲ್ಲಿ ನಿಮ್ಮ ಹೆಸರೆಲ್ಲಿದೆ?

ಶೆಡ್ಡಿನ ಮಾಲೀಕ ಚಿಕ್ಕಹನುಮಯ್ಯ ಛೇಡಿಸುತ್ತಾರೆ: "ಇಲ್ಲಿ ನಿನ್ ಹೆಸ್ರೇ ಬರಿಯವ್ವಾ. ನನ್ ಹೆಸ್ರು ಬರ್ದು ನನ್ನೂ ಕೋರ್ಟಿಗೆ ಎಳೀಬ್ಯಾಡ."

"ನಿಮ್ಮ ಹೆಸರು ಭಾಳ ಉದ್ದ ಐತ್ರಿ, ಹಾಳಿ ಸಾಲಂಗಿಲ್ಲ."

ಕಳೆದ ತಿಂಗಳು ಕಂಪನಿಯ ಪರ ಸಾಕ್ಷಿ ಹೇಳಲು ಬಂದವನು, ಅವರೇ ಕೆಲಸ ಕಲಿಸಿದ ಸುನೀಲ್. ತನ್ನ ಹೆಸರಿರುವ ಹಾಳೆಗಳಲ್ಲಿರುವುದು ತನ್ನದೇ ಸಹಿ ಎಂದ. ದಾಕ್ಷಾಯಣಿಯವರ ವಕೀಲರು ಪೆನ್ನು ಕೊಟ್ಟು, ಹೆಸರು ಬರೆದು ತೋರಿಸಪ್ಪಾ ಎಂದರು. ಅವನು 'ಸುನೀಲ್' ಎಂದು ಬರೆದ. ಆ ಹಾಳೆಗಳಲ್ಲೆಲ್ಲ ಇದ್ದದ್ದು 'ಸುನಿಲ್'. "ಅಲ್ಲಿ ದೀರ್ಘ ಐತಿ ಅಂತ ನನಗೇನ ಗೊತ್ರಿ? ಕಿವಿಗೆ ಕೇಳಿದಂಗ ಬರದಿದ್ದೆ." ನ್ಯಾಯಾಧೀಶರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ತೀರ್ಪು ಇನ್ನೂ ಬಂದಿಲ್ಲ.

ಸುನೀಲ್ ಅಭ್ಯಾಸಬಲದಿಂದ ಹಾಗೆ ಬರೆದನೋ, ಬೇಕೆಂದೇ ಬರೆದನೋ? ಆ ಸಂಜೆ ಕೋರ್ಟಿನ ಹೊರಗೆ, ಎಳನೀರು ಗಾಡಿಯ ಹತ್ತಿರ, ಅವನು "ಅಕ್ಕಾ" ಎನ್ನುತ್ತ ಬಂದು ಎರಡು ನಿಮಿಷ ಮಾತಾಡಿ ಹೋದನಂತೆ. ಏನೆಂದ ಎಂದು ಕೇಳುತ್ತೇನೆ. ವಕೀಲರೂ ಕೇಳಿದ್ದರಂತೆ.

ದಾಕ್ಷಾಯಣಿ ಅಳತೆಯ ಮೈಕ್ರೋಮೀಟರನ್ನು ಒರೆಸಿ ಡಬ್ಬಿಯಲ್ಲಿಡುತ್ತಾರೆ. "ಅದನ್ನ ಯಾರ ಮುಂದೂ ಹೇಳಂಗಿಲ್ರಿ. ಅಂವ ಇನ್ನೂ ಅಲ್ಲೇ ದುಡೀಬೇಕು."