ನೂರಾ ಹನ್ನೊಂದು ದ್ವಿಪದಿ, ಒಂದು ಪೆಜೋ

"ಹತ್ತರ ಪಟ್ಟಿ ಎಲ್ಲಿ ಹೋಯ್ತು?"

ಯಾರನ್ನೂ ಕೇಳಿದ್ದಲ್ಲ. ಬರೆಯಲು ಬಂದ ನನ್ನನ್ನು ಬಿಟ್ಟರೆ ಅಂಗಳದಲ್ಲಿ ಇರುವುದು ಬಾನೆಟ್ ಎತ್ತಿ ನಿಂತ ಒಂದು ಕಾರು, ಒಂದು ನಿಂಬೆ ಗಿಡ, ಗೋಡೆಯ ಮೇಲೊಂದು ಬೆಕ್ಕು. ಬೆಳಗಿನ ನಮಾಜು ಮುಗಿಸಿದ ಬದ್ರಾ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ನಿಂತಿದ್ದಾರೆ. ಎಂಜಿನ್ನಿನ ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳ ಗೊಂಚಲು ಕೈಯಲ್ಲಿದೆ. ಅದರಲ್ಲಿ ಇವತ್ತು ಬೇಕಾದ ಪಟ್ಟಿಯೇ ಇಲ್ಲ. ತಲೆವಸ್ತ್ರ ಸರಿಮಾಡಿಕೊಳ್ಳಲು ಕೈ ಎತ್ತಿದಾಗ, ಕಿವಿಯ ಮೇಲಿನ ಮಡಿಕೆಯಲ್ಲಿ ತಾವೇ ಸಿಕ್ಕಿಸಿಟ್ಟಿದ್ದು ಬೆರಳಿಗೆ ತಾಗುತ್ತದೆ. ನಗುವುದಿಲ್ಲ. ನೇರ ಎಂಜಿನ್ನಿನ ಮೇಲೆ ಬಾಗುತ್ತಾರೆ. ತುಟಿ ಅಲುಗತೊಡಗುತ್ತದೆ.

ಉಸಿರೆಳೆವ ಕದಕೆ ಹತ್ತು, ಹೊಗೆಬಿಡುವ ಕದಕಿಪ್ಪತ್ತೈದು,
ಹಸಿ ತಣ್ಣಗಿರಲಿ ಕಬ್ಬಿಣ, ಬಿಸಿಲು ಬೀಳುವ ಮೊದಲೇ ಅಳೆದು ನೋಡು.

ಕದವೆಂದರೆ ವಾಲ್ವು, ಅಂಕಿಗಳು ಮಿಲಿಮೀಟರಿನ ನೂರನೇ ಭಾಗದ ಲೆಕ್ಕ. ವಾಲ್ವಿನ ತಲೆಗೂ ಅದನ್ನು ಒತ್ತುವ ಉಕ್ಕಿನ ತೋಳಿಗೂ ನಡುವೆ ಪಟ್ಟಿ ತೂರಿಸಿ ಎಳೆಯುತ್ತಾರೆ. "ಬೆಣ್ಣೆಯಿಂದ ಎಳೆದಂಗೆ ಬಂದ್ರೆ ಸಡಿಲ. ಬರದೇ ಇದ್ರೆ ಬಿಗಿ. ಹೊಸ ಬಟ್ಟೆಯಿಂದ ಸೂಜಿ ಎಳೀತೀವಲ್ಲ, ಹಂಗೆ ಬರ್ಬೇಕು," ಎನ್ನುತ್ತಾರೆ. ಎಂಟು ವಾಲ್ವು, ಎಂಟು ಸಲ. ಕಾರು ರಾತ್ರಿಯಿಡೀ ತಣಿದಿರಬೇಕು; ಅದಕ್ಕೇ ಈ ಹೊತ್ತು. ಮಹಡಿಯ ಮೇಲಿನಿಂದ ಬಟ್ಟೆ ಒಣಹಾಕುವ ಪಕ್ಕದ ಮನೆಯ ಹಲೂಮಾಳ ದನಿ ಇಳಿದು ಬರುತ್ತದೆ.

"ಏ ಬದ್ರಾ, ನಿನ್ನ ಗಂಡ ಇವತ್ತು ಬೇಗ ಕೆಲಸಕ್ಕೆ ಕೂತಿದ್ದಾನಲ್ಲೇ?"

"ಹೂಂ ಕಣೇ. ಪಾಪ, ಮೊಣಕೈವರೆಗೂ ಎಣ್ಣೆ ಅವನಿಗೆ."

ಗಂಡ ಜೆಲ್ಲೂಲ್, ಊರವರು ಮರ್ಯಾದೆಗೆ ಕರೆಯುವಂತೆ ಸಿ ಜೆಲ್ಲೂಲ್, ಒಳಗೆ ಕಾಫಿ ಕುಡಿಯುತ್ತಿದ್ದಾರೆ.

ಕಡಲತಡಿಯ ಊರು ಮೊಸ್ತಗಾನೆಮ್ಮಿನ ತಿಜ್ದಿತ್ ಕೇರಿಯಲ್ಲಿ ಸಿ ಜೆಲ್ಲೂಲರ ಹೆಸರು ಗೊತ್ತಿಲ್ಲದವರಿಲ್ಲ. ಓರಾನ್ ದಾರಿಯಲ್ಲಿ ಮೂವತ್ತೈದು ವರ್ಷ ಟ್ಯಾಕ್ಸಿ ಓಡಿಸಿದವರು. ಅದಕ್ಕಿಂತ ಹೆಚ್ಚಾಗಿ, ಹಳೆಯ ಪೆಜೋ ಕಾರಿನ ರಿಪೇರಿಯನ್ನೆಲ್ಲ ನೂರಾ ಹನ್ನೊಂದು ದ್ವಿಪದಿಗಳಲ್ಲಿ ಕಟ್ಟಿದವರೆಂದು ಖ್ಯಾತರು. ಇಲ್ಲಿಂದ ರೆಲಿಜಾನ್‌ವರೆಗೆ ಐವತ್ತು ದಾಟಿದ ಯಾವ ಟ್ಯಾಕ್ಸಿಯವನನ್ನು ಕೇಳಿದರೂ ಹತ್ತಿಪ್ಪತ್ತು ಬಾಯಿಗೆ ಬರುತ್ತವೆ. ಬೇರೆ ಕಾರಿನಿಂದ ಪೆಜೋಗೆ ಬಂದವರು ಸಿಲಿಂಡರನ್ನು ರೇಡಿಯೇಟರ್ ಕಡೆಯಿಂದ ಎಣಿಸಿ, ತಂತಿಗಳನ್ನೆಲ್ಲ ಅದಲುಬದಲು ಮಾಡಿ, ದಾರಿಯ ಬದಿಯಲ್ಲಿ ತಲೆ ಹಿಡಿದು ಕೂರುತ್ತಿದ್ದರಂತೆ. ಅಂಥವರ ಪಕ್ಕದಲ್ಲಿ ಇನ್ನೊಂದು ಟ್ಯಾಕ್ಸಿ ನಿಂತು ಹೇಳುತ್ತಿತ್ತು:

ಮೂತಿಯ ಕಡೆಯಲ್ಲ, ಬೆನ್ನ ಕಡೆಯಿಂದ ಎಣಿಸು,
ರೀತಿಯಿದು ಪೆಜೋದು: ಒಂದು, ಮೂರು, ನಾಲ್ಕು, ಎರಡು.

ಬದ್ರಾ ಎಪ್ಪತ್ತರ ಹೊಸ್ತಿಲಲ್ಲಿದ್ದಾರೆ. ಕೇರಿಯವರಿಗೆಲ್ಲ ಖಾಲ್ತಿ ಬದ್ರಾ, ಅಂದರೆ ಚಿಕ್ಕಮ್ಮ. ತಂದೆ ಕುರಾನ್ ಶಾಲೆಯ ಗುರು. ನಮಾಜಿಗೆ ಮುನ್ನ ಕೈಕಾಲು ತೊಳೆಯುವ ವುಜೂ ಹೇಗೆ, ನಮಾಜು ಹೇಗೆ, ಉಪವಾಸ ಯಾವುದರಿಂದ ಮುರಿಯುತ್ತದೆ, ಎಲ್ಲವನ್ನೂ ಪದ್ಯದಲ್ಲೇ ಬಾಯಿಪಾಠ ಮಾಡಿಸುತ್ತಿದ್ದರು. ಗಂಡುಮಕ್ಕಳು ಚಾಪೆಯ ಮೇಲೆ ಕೂತು ಹೇಳುತ್ತಿದ್ದುದನ್ನು ಈ ಹುಡುಗಿ ಬಾಗಿಲ ಈಚೆ ಗೋಧಿ ಆರಿಸುತ್ತ ಹೇಳುತ್ತಿದ್ದಳು. ಹದಿನಾಲ್ಕರವರೆಗೆ ಸರ್ಕಾರಿ ಶಾಲೆಗೆ ಹೋಗಿ ಫ್ರೆಂಚ್ ಓದಲು ಕಲಿತಳು. ಹತ್ತೊಂಬತ್ತಕ್ಕೆ ಮದುವೆ. ಮದುವೆಯಾದ ಐದನೇ ವರ್ಷ ಮನೆಗೆ ಬಂತು ಈ ಪೆಜೋ, ಐನೂರಾನಾಲ್ಕು ಎಂಬ ಮಾದರಿ: ಉದ್ದನೆಯ ಗಾಡಿ, ಮೂರು ಸಾಲು ಸೀಟು, ಮರಳಿನ ಬಣ್ಣ.

ಅದರ ಜೊತೆ ಬಂದದ್ದು ಇನ್ನೂರು ಪುಟದ ಫ್ರೆಂಚ್ ಪುಸ್ತಕ. ಸಿ ಜೆಲ್ಲೂಲರಿಗೆ ಫ್ರೆಂಚ್ ಓದಲು ಬಾರದು. "ಅವನು ಗಾಡಿ ಕೆಳಗೆ ಮಲಗಿರ್ತಿದ್ದ, ನಾನು ಸ್ಟೂಲ್ ಮೇಲೆ ಕೂತು ಓದ್ತಿದ್ದೆ," ಬದ್ರಾ ನೆನೆಯುತ್ತಾರೆ. "ನಾನು ನಾಲ್ಕನೇ ಸಾಲಿಗೆ ಬರೋ ಹೊತ್ತಿಗೆ ಅವನಿಗೆ ಮೊದಲನೇದು ಮರ್ತೋಗ್ತಿತ್ತು. 'ಏನಂದೆ?' 'ಏನಂದೆ?' ಅಂತಾನೇ ಇರೋನು. ಮಗು ಅಳ್ತಿರ್ತಿತ್ತು, ಒಲೆ ಮೇಲೆ ಹಾಲು ಉಕ್ತಿರ್ತಿತ್ತು."

ಆಮೇಲೆ ಏನಾಯಿತು ಎಂದು ಕೇಳಿದರೆ ಸ್ಪ್ಯಾನರ್ ಒರೆಸತೊಡಗುತ್ತಾರೆ.

ಆ ದಿನಗಳ ಮಾತು ಬಂದರೆ ಮಾತ್ರ ಅವರ ಕೈ ನಿಧಾನವಾಗುತ್ತದೆ. ಬಿಡಿಭಾಗ ಸಿಗದ ವರ್ಷಗಳು. ಎಂಜಿನ್ನಿನ ಸಂದಿನಲ್ಲಿ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಬೇಕೆಂದರೆ ಬಿಸ್ಕತ್ ಪೆಟ್ಟಿಗೆಯ ರಟ್ಟನ್ನು ಎಣ್ಣೆಯಲ್ಲಿ ನೆನೆಸಿ, ದರ್ಜಿಯ ಕತ್ತರಿಯಲ್ಲಿ ಕತ್ತರಿಸುವುದು. ಬೇಸಿಗೆಯ ಶುಕ್ರವಾರ ಕುಸ್ಕುಸ್ ಉಂಡು, ಮೂರನೇ ಸಾಲಿಗೆ ತಮ್ಮ ಮಕ್ಕಳು, ಹಲೂಮಾಳ ಮಕ್ಕಳು, ಕಲ್ಲಂಗಡಿ, ಎಲ್ಲವನ್ನೂ ತುಂಬಿ ಕಡಲಿಗೆ ಹೋಗುವುದು. "ಹಿಂದಿನ ಸೀಟಲ್ಲಿ ಯಾರ ಕಾಲು ಯಾರದ್ದು ಅಂತ ಗೊತ್ತಾಗ್ತಿರ್ಲಿಲ್ಲ. ಮನೆಗೆ ಬಂದ್ಮೇಲೆ ಒಂದು ಚಪ್ಪಲಿ ಯಾವಾಗ್ಲೂ ಜಾಸ್ತಿ ಇರೋದು." ಕೇರಿಯ ಹನ್ನೆರಡು ಮದುವಣಗಿತ್ತಿಯರು ಈ ಕಾರಿನಲ್ಲೇ ಗಂಡನ ಮನೆಗೆ ಹೋಗಿದ್ದಾರೆ. ಹಾರ್ನಿನ ಗುಂಡಿ ಸವೆದು ಹೋದದ್ದು ಆ ಮೆರವಣಿಗೆಗಳಲ್ಲೇ. ಮುಂದಿನ ದೀಪಗಳು ಈಗಲೂ ಹಳದಿ. ದೂರದ ತಿರುವಿನಲ್ಲಿ ಆ ಬಣ್ಣ ಕಂಡರೆ ಸಾಕು, ಇದು ನಮ್ಮದೇ ಎಂದು ಗೊತ್ತಾಗುತ್ತಿತ್ತಂತೆ.

ಒಂಬತ್ತು ವರ್ಷಗಳಿಂದ ಸಿ ಜೆಲ್ಲೂಲರ ಕೈ ನಡುಗುತ್ತದೆ. ಟ್ಯಾಕ್ಸಿ ನಿಂತಿತು, ಆದರೆ ಗಿರಾಕಿಗಳು ನಿಲ್ಲಲಿಲ್ಲ. ವಾರಕ್ಕೆ ನಾಲ್ಕೈದು ಹಳೆಯ ಗಾಡಿಗಳು ಸಂಜೆ ಈ ಗೇಟಿನೊಳಗೆ ಬರುತ್ತವೆ: ಪೆಜೋ, ರೆನೋ, ಒಮ್ಮೊಮ್ಮೆ ಬಾಗಿಲು ಹಗ್ಗದಲ್ಲಿ ಕಟ್ಟಿದ ಸಿಟ್ರೊಯೆನ್. ಗೇಟಿನ ಸ್ಟೂಲಿನ ಮೇಲೆ ಸಿ ಜೆಲ್ಲೂಲ್ ಕೂತು ಗಾಡಿಯ ಕಾಯಿಲೆ ಕೇಳಿಕೊಳ್ಳುತ್ತಾರೆ. ಮರುದಿನ ಹತ್ತು ಗಂಟೆಗೆ ಗಾಡಿ ಸರಿಯಾಗಿರುತ್ತದೆ. ನಡುವಿನ ಹೊತ್ತಿನಲ್ಲಿ ಏನಾಗುತ್ತದೆ ಎಂಬುದು ಕೇರಿಯ ಹೆಂಗಸರಿಗೆಲ್ಲ ಗೊತ್ತು. ಗಂಡಸರಿಗೂ ಗೊತ್ತಿರಬಹುದು, ಕೇಳುವುದಿಲ್ಲ. "ಸಿ ಜೆಲ್ಲೂಲರ ಕೈಗುಣ" ಎಂದು ಹೊಗಳಿ ಹೋಗುತ್ತಾರೆ.

ಕೈಕೆಲಸದ ಗುಟ್ಟು ಅಷ್ಟೇ ಆಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೊದಲು ಹೇಳಿದ ದ್ವಿಪದಿಯನ್ನು ಇನ್ನೊಮ್ಮೆ ನೋಡಬೇಕು. ಟ್ಯಾಕ್ಸಿಯವರೆಲ್ಲ ಹೇಳುವುದು "ಬಾಂಗಿನ ಮೊದಲೇ ಅಳೆದು ನೋಡು" ಎಂದು, ಅಂದರೆ ಬೆಳಗಿನ ನಮಾಜಿನ ಕರೆಗೂ ಮುಂಚೆ. ಬದ್ರಾ ಹೇಳಿದ್ದು "ಬಿಸಿಲು ಬೀಳುವ ಮೊದಲೇ". ಬಾಯಿಪಾಠದ ಮನೆಗಳಲ್ಲಿ ಬೆಳೆದ ಕಿವಿಗೆ ಇದು ಅನ್ನದಲ್ಲಿ ಕಲ್ಲು ಸಿಕ್ಕಂತೆ ಸಿಗುತ್ತದೆ. ಕಂಠಪಾಠ ಮಾಡಿದವರು ತಡವರಿಸಬಹುದು, ಮರೆಯಬಹುದು, ತಿದ್ದುವುದಿಲ್ಲ. ತಿದ್ದುವ ಅಧಿಕಾರ ಇರುವುದು ಒಬ್ಬರಿಗೇ.

"ಯಾಕೆ ಬದಲಾಯಿಸಿದ್ರಿ?" ಎಂದು ನಾನು ಕೇಳಿದಾಗ ಅವರು ತಲೆ ಎತ್ತಲಿಲ್ಲ.

"ಬಾಂಗಿನ ಮೊದಲೇ ಅಂತ ಇದ್ರೆ, ಎಣ್ಣೆ ಕೈ ಮಾಡ್ಕೊಂಡು ಕೂತೋನು ಮಸೀದಿಗೆ, ಜಮಾತಿಗೆ ಹೋಗ್ತಾನಾ? ಕೈ ತೊಳೆಯೋದ್ರೊಳಗೆ ನಮಾಜು ಮುಗ್ದಿರುತ್ತೆ. ನಲವತ್ತು ವರ್ಷದಲ್ಲಿ ಎಷ್ಟು ಜನ ತಪ್ಪಿಸ್ಕೊಂಡ್ರೋ. ಆ ಲೆಕ್ಕ ನಾಳೆ ಮೇಲೆ ಹೋದಾಗ ಯಾರನ್ನ ಕೇಳ್ತಾರೆ?" ಎಂದರು. ಆಮೇಲೆ, "ಆಗ ನಂಗೆ ಇಪ್ಪತ್ತೇಳು. ಪ್ರಾಸ ಸಿಕ್ಕಿದ್ದೇ ದೊಡ್ಡದಾಗಿತ್ತು."

ಹೀಗೆ ಗೊತ್ತಾಯಿತು, ಕಟ್ಟಿದವರು ಬದ್ರಾ ಎಂದು. ಮೊದಲ ದ್ವಿಪದಿ ಕಾರ್ಬ್ಯುರೇಟರಿನದು. ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ತೂತಿಗೆ ಸೂಜಿ ಹಾಕಿ ಗಂಡ ಅದನ್ನು ಅಗಲ ಮಾಡಿಬಿಟ್ಟಿದ್ದರು. ಸಿಟ್ಟಿನಲ್ಲಿ ಬಂದದ್ದು:

ಕಣ್ಣು ಕಟ್ಟಿದ ಜೆಟ್ಟಿಗೆ ಸೂಜಿ ತೋರಬೇಡ ತಮ್ಮ,
ತಣ್ಣನೆ ಪೆಟ್ರೋಲಲಿ ತೊಳೆದು ಬಾಯಿಂದ ಊದು ಒಮ್ಮೆ.

ಗಂಡ ಅದನ್ನು ಮರೆಯಲಿಲ್ಲ. ಹಾಗಾಗಿ ಎರಡನೆಯದು, ಮೂರನೆಯದು. ದಿನಕ್ಕೆ ಒಂದು, ಕೆಲವು ವಾರ ಒಂದೂ ಇಲ್ಲ. ಎರಡು ವರ್ಷ ಹಿಡಿಯಿತು. ಸಿ ಜೆಲ್ಲೂಲ್ ದಾರಿಯುದ್ದಕ್ಕೂ ಹೇಳಿಕೊಂಡು ಓಡಿಸಿದರು, ಪಕ್ಕದವರು ಕೇಳಿಸಿಕೊಂಡರು. ಯಾರದ್ದು ಎಂದು ಯಾರೂ ಕೇಳಲಿಲ್ಲ. ಅವರ ಬಾಯಲ್ಲಿ ಬಂತು, ಅವರದ್ದಾಯಿತು.

"ಅವನು ತನ್ನದು ಅಂತ ಒಂದ್ಸಲಾನೂ ಹೇಳಿಲ್ಲ. ಅಲ್ಲ ಅಂತಾನೂ ಹೇಳಿಲ್ಲ," ಬದ್ರಾ ನಕ್ಕರು. "ನಾನೂ ಸುಮ್ನಿದ್ದೆ. ಸುಮ್ನಿರೋದು ಸುಳ್ಳಲ್ಲ ಅಂತ ನಮ್ಮಪ್ಪ ಹೇಳ್ತಿದ್ರು."

ಇದನ್ನು ಬರೆಯಬಹುದೇ ಎಂದೆ. "ನಿಮ್ಮ ಕಿವಿ ಕೇಳಿದ್ದನ್ನ ನೀವು ಬರೀತೀರಿ. ಬೇಡ ಅನ್ನೋಕೆ ನಾನ್ಯಾರು?"

ಒಂದು ಆಸೆ ಇದೆ ಅವರಿಗೆ. ಆ ಪದ್ಯವನ್ನು ಗುರುತಿಲ್ಲದವರ ಬಾಯಲ್ಲಿ ಒಮ್ಮೆ ಕೇಳಬೇಕು. ಹಿಂದೊಮ್ಮೆ ರೆಲಿಜಾನಿಗೆ ಬಸ್ಸಿನಲ್ಲಿ ಹೋಗುವಾಗ, ದಾರಿಬದಿಯಲ್ಲಿ ಬಾನೆಟ್ ಎತ್ತಿದ ಐನೂರಾನಾಲ್ಕು ಕಂಡಿತಂತೆ. ಒಬ್ಬ ಮುದುಕ ಬಾಗಿ ನಿಂತಿದ್ದ, ತುಟಿ ಅಲುಗುತ್ತಿತ್ತು, ಬೆರಳು ಹಿಂದಿನಿಂದ ಮುಂದಕ್ಕೆ ಎಣಿಸುತ್ತಿತ್ತು. "ಕಿಟಕಿ ಜಗ್ಗಿದೆ, ಬರ್ಲಿಲ್ಲ. ಬಸ್ಸು ಮುಂದೆ ಹೋಗ್ಬಿಡ್ತು. ಯಾವ ಸಾಲು ಹೇಳ್ತಿದ್ನೋ."

ಈ ವಾರ ಬೇರೆಯೇ ಗಡಿಬಿಡಿ. ಟ್ಯಾಕ್ಸಿ ನಿಲ್ದಾಣದ ಹೊಸ ಗೋಡೆಗೆ ಚಾಲಕರ ಸಂಘ ನೂರಾ ಹನ್ನೊಂದನ್ನೂ ಹೆಂಚಿನ ಮೇಲೆ ಬರೆಸಿ ಕೂರಿಸುತ್ತಿದೆ. ಹೆಂಚು ಸುಟ್ಟರೆ ಮುಗಿಯಿತು, ಆಮೇಲೆ ಒಂದಕ್ಷರ ಅಳಿಸಲಾಗದು. ಕಡೆಯ ಹೆಂಚು ಮಾತ್ರ ಖಾಲಿ ಉಳಿದಿದೆ. ನಮ್ಮಲ್ಲಿ ಪದ್ಯದ ಕೊನೆಗೆ ಕಟ್ಟಿದವರ ಹೆಸರು ಬರಬೇಕು. ಅಂಕಿತವಿಲ್ಲದ ಪದ್ಯ ತಂದೆಯ ಹೆಸರಿಲ್ಲದ ಮಗುವಿನ ಹಾಗೆ. ಈ ಪದ್ಯ ಹೆಸರಿಲ್ಲದೆ ಹೀಗೆ ಮುಗಿಯುತ್ತದೆ:

ಹೊರಟ ಗಾಡಿ ಮರಳಿ ಬರಲಿ, ಒಲೆಯ ಹರೀರಾ ಆರುವ ಮುನ್ನ,
ತಿರುವಿನಲ್ಲಿ ಹಳದಿ ಕಣ್ಣು ಕಾಣಲಿ, ಕಾದ ಕಣ್ಣು ಮುಚ್ಚುವ ಮುನ್ನ.

ಗಾಡಿ ಓಡಿಸುವವನು ಬರೆದ ಸಾಲು ಇದಲ್ಲ, ಒಲೆಯ ಮೇಲೆ ಹರೀರಾ ಸಾರು ಇಟ್ಟು ಕಾಯುವವರು ಬರೆದದ್ದು. ನಲವತ್ತು ವರ್ಷದಿಂದ ಎಲ್ಲರೂ ಹೇಳುತ್ತಿದ್ದಾರೆ, ಯಾರಿಗೂ ಕೇಳಿಸಿಲ್ಲ.

ಅದೇ ಬೆಳಿಗ್ಗೆ ಏಳಕ್ಕೆ ಗೇಟು ಬಡಿಯುತ್ತದೆ. ಸಂಘದ ಅಧ್ಯಕ್ಷ ಸಿ ಬೆನೌದಾ. ಕಂಕುಳಲ್ಲಿ ಬಿಸಿ ಬ್ರೆಡ್ಡು, ಕೈಯಲ್ಲಿ ಕಾಗದದ ಸುರುಳಿ. ಸಿ ಜೆಲ್ಲೂಲ್ ಅವರನ್ನು ಅಂಗಳಕ್ಕೆ ಕರೆತರುತ್ತಾರೆ. ಬದ್ರಾ ಎಂಜಿನ್ನಿನ ಮುಚ್ಚಳ ಕೂರಿಸುತ್ತಿದ್ದಾರೆ. ಬೆನೌದಾ ಅದನ್ನು ನೋಡಿಯೂ ನೋಡದವರಂತೆ ನಿಂಬೆ ಗಿಡದ ಕಡೆ ತಿರುಗುತ್ತಾರೆ.

"ಚೆನ್ನಾಗಿದ್ದೀಯಾ ಖಾಲ್ತಿ? ನಿಂಬೆ ಈ ಸಲ ಜೋರಾಗಿದೆ."

"ನಿಂಬೆ ನೋಡೋಕೆ ಬಂದ್ಯಾ ಮಗನೇ?"

"ಇಲ್ಲ, ನಿನ್ನ ಯಜಮಾನರು ಸತಾಯಿಸ್ತಿದ್ದಾರೆ. ಹೆಂಚಿನವನು ಇವತ್ತು ಭಟ್ಟಿ ಹಚ್ತಾನೆ. ಹೆಸರಿರೋ ಒಂದು ದ್ವಿಪದಿ ಕಟ್ಟಿಕೊಡಿ ಅಂತ ತಿಂಗಳಿಂದ ಕೇಳ್ತಿದ್ದೀನಿ. ನೂರಾ ಹನ್ನೊಂದು ಕಟ್ಟಿದವರಿಗೆ ಇದೊಂದು ಕಷ್ಟವಾ?"

ಸಿ ಜೆಲ್ಲೂಲ್ ಕಾಫಿಯ ಲೋಟ ಎರಡೂ ಕೈಯಲ್ಲಿ ಹಿಡಿದಿದ್ದಾರೆ. ಕಣ್ಣು ಬದ್ರಾ ಕಡೆಗಿದೆ.

"ವಾಲ್ವಿನ ದ್ವಿಪದಿ ಹೇಗೆ ಬರೆಸಿದ್ದೀಯಾ?" ಬದ್ರಾ ಕೇಳುತ್ತಾರೆ.

ಬೆನೌದಾ ಸುರುಳಿ ಬಿಚ್ಚಿ ಓದುತ್ತಾರೆ, ಬಾಂಗಿನ ಮೊದಲೇ ಎಂದು.

"ಬಿಸಿಲು ಬೀಳುವ ಮೊದಲೇ ಅಂತ ಮಾಡು."

"ಅದು ಹಂಗಲ್ಲ ಖಾಲ್ತಿ. ನಿಂಗೆ ಸರಿಯಾಗಿ ಬರಲ್ಲ ಅನ್ಸುತ್ತೆ," ಬೆನೌದಾ ಮೆತ್ತಗೆ ಹೇಳುತ್ತಾರೆ, ಹಿರಿಯರನ್ನು ತಿದ್ದುವಾಗಿನ ಮರ್ಯಾದೆಯಲ್ಲಿ. "ನಲವತ್ತು ವರ್ಷದಿಂದ ನಾವು ಹೇಳ್ತಿರೋದು ಹೀಗೇ. ಕಟ್ಟಿದವರ ಮಾತಲ್ಲಿ ನಾವು ಕೈ ಹಾಕಬಾರ್ದು."

ಮಹಡಿಯ ಮೇಲೆ ಹಲೂಮಾ ಬಟ್ಟೆ ಕೊಡವುವುದನ್ನು ನಿಲ್ಲಿಸುತ್ತಾಳೆ.

ಬದ್ರಾ ಮುಚ್ಚಳದ ಕೊನೆಯ ಬೋಲ್ಟನ್ನು ಕೈಯಿಂದಲೇ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು ಬಿಗಿ ಮಾಡುತ್ತಾರೆ. ಅವಸರವಿಲ್ಲ. ಸಿ ಜೆಲ್ಲೂಲ್ ಹತ್ತಿರ ಬಂದು ದನಿ ತಗ್ಗಿಸುತ್ತಾರೆ.

"ಬದ್ರಾ, ಒಂದೇ ಒಂದು. 'ಜೆಲ್ಲೂಲ್' ಅಂತ ಬರೋ ಹಾಗೆ. ಗೋಡೆ ತುಂಬಲಿ, ಇವನು ಹೊರಡಲಿ. ನೀನು ಎರಡು ನಿಮಿಷದಲ್ಲಿ..." ಮಾತು ಬೆನೌದಾರಿಗೆ ಕೇಳಿಸಿತೆಂದು ಗೊತ್ತಾಗಿ ನಿಲ್ಲಿಸುತ್ತಾರೆ.

ಬೆನೌದಾ ಗಂಡನನ್ನು ನೋಡುತ್ತಾರೆ. ಹೆಂಡತಿಯನ್ನು ನೋಡುತ್ತಾರೆ. ಈ ಸಲ ಎಣ್ಣೆ ಮೆತ್ತಿದ ಆ ಕೈಗಳನ್ನೂ ನೋಡುತ್ತಾರೆ. ಸುರುಳಿ ತಾನಾಗಿ ಸುತ್ತಿಕೊಳ್ಳುತ್ತದೆ.

"ಖಾಲ್ತಿ," ಎನ್ನುತ್ತಾರೆ, "ಹಾಗಾದ್ರೆ ನೀನೇ ಕಟ್ಟಿಕೊಡು. ಸಿ ಜೆಲ್ಲೂಲರ ಹೆಸರಲ್ಲಿ. ಜನ ಅವರನ್ನೇ ನಂಬಿದ್ದಾರೆ."

ಬದ್ರಾ ಹತ್ತರ ಪಟ್ಟಿಯನ್ನು ತಲೆವಸ್ತ್ರದ ತುದಿಯಲ್ಲಿ ಒರೆಸಿ, ಗೊಂಚಲಿನಲ್ಲಿ ಅದರ ಜಾಗಕ್ಕೆ ಸೇರಿಸಿ, ಬಾನೆಟ್ ಇಳಿಸುತ್ತಾರೆ.

"ಇಲ್ಲ. ಸುಮ್ನಿರ್ತೀನಿ, ಸುಳ್ಳು ಕಟ್ಟಿಕೊಡೋದಿಲ್ಲ."